ಕೈಯಲ್ಲಿ ಎಕ್ಕವಿದ್ದರೂ ಎಲೆ ಇಳಿಸುವ ಸಮಯ

ವ್ಯಾಪಾರವನ್ನು ಆರಂಭಿಸುವುದು ಹೇಗೆಂಬುದರ ಕುರಿತು ನಮ್ಮಲ್ಲಿ ಸಲಹೆಗಳಿಗೆ ಕೊರತೆಯಿಲ್ಲ. ಯೋಜನಾ ವರದಿ, ಸಾಲ, ಸಬ್ಸಿಡಿ, ನೋಂದಣಿ ಇವೆಲ್ಲಕ್ಕೂ ಮಾರ್ಗದರ್ಶಕರಿದ್ದಾರೆ. ಆದರೆ ಚೆನ್ನಾಗಿ ಆರಂಭವಾದ ವ್ಯವಹಾರದಿಂದ ಯಾವಾಗ ಹಿಂದೆ ಸರಿಯಬೇಕೆಂಬುದನ್ನು ಹೇಳುವವರು ವಿರಳ. ಈ ವಿಷಯದಲ್ಲಿ ಇಸ್ಪೀಟಿನ ಆಟವೊಂದು ಕಲಿಸುವ ಪಾಠವು ವರ್ತಕ ಬಾಂಧವರಿಗೆ ಉಪಯುಕ್ತವೆಂದು ನನ್ನ ಭಾವನೆ. ಜೂಜನ್ನು ಪ್ರೋತ್ಸಾಹಿಸುವುದು ಇಲ್ಲಿನ ಉದ್ದೇಶವಲ್ಲ. ಹಣವನ್ನು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯಿದೆಯು ನಿಷೇಧಿಸಿದೆ. ನಮಗೆ ಬೇಕಾಗಿರುವುದು ಆಟವಲ್ಲ, ಅದರ ಹಿಂದಿರುವ ಲೆಕ್ಕ.

ಪೋಕರ್ ಆಟದ ಹೆಚ್ಚು ಪ್ರಚಲಿತ ಪ್ರಕಾರದಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತ ಎಲೆಗಳು ದೊರೆಯುತ್ತವೆ. ಬಳಿಕ ಎಲ್ಲರಿಗೂ ಸಮಾನವಾದ ಐದು ಎಲೆಗಳು ಹಂತಹಂತವಾಗಿ ಮೇಜಿನ ಮೇಲೆ ತೆರೆದುಕೊಳ್ಳುತ್ತವೆ. ಪ್ರತಿ ಹಂತದಲ್ಲಿಯೂ ಹಣ ಹಾಕಿ ಮುಂದುವರಿಯಬೇಕು, ಇಲ್ಲವೇ ಎಲೆ ಇಳಿಸಿ ಹೊರನಡೆಯಬೇಕು. ಆರಂಭದಲ್ಲಿ ಎರಡು ಎಕ್ಕಗಳು ಬಂದವನ ಕೈ ಎಲ್ಲರಿಗಿಂತಲೂ ಬಲವಾದದ್ದು. ಎದುರಾಳಿ ಒಬ್ಬನೇ ಇದ್ದರೆ ಆತನು ನೂರಕ್ಕೆ ಸುಮಾರು 85 ಬಾರಿ ಗೆಲ್ಲುತ್ತಾನೆ. ಆದರೆ ಒಂಬತ್ತು ಮಂದಿ ಎದುರಾಳಿಗಳು ಕೊನೆಯವರೆಗೂ ಉಳಿದರೆ ಅದೇ ಎಕ್ಕಗಳು ಗೆಲ್ಲುವುದು ಸುಮಾರು 31 ಬಾರಿ ಮಾತ್ರ. ಕೈಯಲ್ಲಿರುವ ಎಲೆ ಬದಲಾಗಿಲ್ಲ. ಸುತ್ತಲಿನ ಸ್ಥಿತಿ ಬದಲಾಗಿದೆ. ನುರಿತ ಆಟಗಾರನು ಇದನ್ನು ಗುರುತಿಸಿ ಎಕ್ಕಗಳನ್ನೂ ಇಳಿಸಬಲ್ಲನು. ನಮ್ಮವರಿಗೆ ಪರಿಚಿತವಾದ ರಮ್ಮಿಯಲ್ಲಿಯೂ ಸಾಮಾನ್ಯವಾಗಿ ಮೊದಲಿಗೇ ಎಲೆ ಇಳಿಸಿದರೆ 20 ಅಂಕ, ನಡುವೆ ಇಳಿಸಿದರೆ 40 ಅಂಕ, ಕೊನೆಯವರೆಗೆ ಕುಳಿತು ಸೋತರೆ 80 ಅಂಕಗಳವರೆಗೆ ತೆರಬೇಕಾಗುತ್ತದೆ. ತಡ ಮಾಡಿದಷ್ಟೂ ದಂಡ ಹೆಚ್ಚು.

ವ್ಯಾಪಾರದಲ್ಲಿಯೂ ಉತ್ತಮ ಜಾಗ, ಒಳ್ಳೆಯ ಹೆಸರು, ಮೊದಲ ದೊಡ್ಡ ಆರ್ಡರು ಇವು ಎಕ್ಕಗಳಿದ್ದಂತೆ. ಅವು ಪ್ರವೇಶಿಸುವುದಕ್ಕೆ ಕಾರಣವೇ ಹೊರತು, ಉಳಿಯುವುದಕ್ಕೆ ಕಾರಣವಲ್ಲ.

ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ. ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಸಂಸ್ಥೆಯು ಹುಬ್ಬಳ್ಳಿಯಂತಹ ನಗರಗಳಿಗೂ ಕಡಿಮೆ ದರದ ವಿಮಾನವನ್ನು ತಂದಿತು. ನಷ್ಟ ಬೆಳೆಯುತ್ತಿದ್ದಾಗ, ಕೊಳ್ಳುವವರು ಇನ್ನೂ ಇದ್ದ 2007ರಲ್ಲಿ, ಅದರ ಪಾಲು ಯುಬಿ ಸಮೂಹಕ್ಕೆ ಮಾರಾಟವಾಯಿತು. ಕೊಂಡವರ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿತ್ತು. ಮನೆಮಾತಾದ ಹೆಸರು, ಹೊಸ ವಿಮಾನಗಳು, ಬ್ಯಾಂಕುಗಳ ಬೆಂಬಲ, ಹೀಗೆ ಅದರ ಕೈಯಲ್ಲಿ ಎಕ್ಕಗಳಿಗೆ ಕೊರತೆಯಿರಲಿಲ್ಲ. ಆದರೆ ಅದು ಯಾವ ವರ್ಷವೂ ಲಾಭವನ್ನು ಕಾಣಲಿಲ್ಲ. ಆದರೂ ಸಾಲದ ಮೇಲೆ ಸಾಲ ಬೆಳೆಯಿತು. 2010ರಲ್ಲಿ ವಿಜಯ್ ಮಲ್ಯ ಅವರು ಬ್ಯಾಂಕುಗಳಿಗೆ ವೈಯಕ್ತಿಕ ಜಾಮೀನನ್ನೂ ನೀಡಿದರು. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. 2021ರಲ್ಲಿ ಲಂಡನ್ನಿನ ಹೈಕೋರ್ಟು ಅವರನ್ನು ದಿವಾಳಿಯೆಂದು ಘೋಷಿಸಿತು. ಒಂದು ಕಂಪನಿಯ ನಷ್ಟವು ವ್ಯಕ್ತಿಯ ನಷ್ಟವಾದದ್ದು ಆ ಜಾಮೀನಿನ ಮೂಲಕ ಎಂಬುದನ್ನು ಗಮನಿಸಬೇಕು.

ತಾರಿಹಾಳದ ಕಾರ್ಖಾನೆಗಾಗಲಿ, ಅಮರಗೋಳ ಎಪಿಎಂಸಿಯ ಅಂಗಡಿಗಾಗಲಿ ಇದೇ ಲೆಕ್ಕ ಅನ್ವಯಿಸುತ್ತದೆ. ಒಬ್ಬ ಉದ್ದಿಮೆದಾರನು ಯಂತ್ರಗಳಿಗೆ 40 ಲಕ್ಷ ರೂಪಾಯಿ ಹೂಡಿದ್ದಾನೆಂದು ಭಾವಿಸೋಣ. ಇಂದು ಮಾರಿದರೆ 22 ಲಕ್ಷ ಬರುತ್ತದೆ. ಇನ್ನೂ 15 ಲಕ್ಷ ಹಾಕಿದರೆ, ನಿರೀಕ್ಷಿತ ಆರ್ಡರು ಬಂದಲ್ಲಿ 60 ಲಕ್ಷ ಕೈಸೇರುತ್ತದೆ. ಬಾರದಿದ್ದಲ್ಲಿ 12 ಲಕ್ಷ ಮಾತ್ರ. ಆರ್ಡರು ಬರುವ ಸಂಭವ ನಾಲ್ಕರಲ್ಲಿ ಒಂದು ಎಂದಾದರೆ ಸರಾಸರಿ ಪ್ರಾಪ್ತಿ 24 ಲಕ್ಷ. ಹೊಸದಾಗಿ ಹಾಕುವ 15 ಲಕ್ಷ ಕಳೆದರೆ 9 ಲಕ್ಷ. ಇಂದಿನ 22 ಲಕ್ಷವೇ ಮೇಲು. ಅದೇ ಸಂಭವ ನಾಲ್ಕರಲ್ಲಿ ಮೂರಾಗಿದ್ದರೆ ನಿವ್ವಳ 33 ಲಕ್ಷ. ಆಗ ಧೈರ್ಯದಿಂದ ಮುಂದುವರಿಯಬೇಕು. ಎರಡೂ ಲೆಕ್ಕಗಳಲ್ಲಿ ಮೊದಲು ಹೂಡಿದ 40 ಲಕ್ಷ ಎಲ್ಲಿಯೂ ಬರುವುದಿಲ್ಲ. ಆದರೆ ನಾವು ರಾತ್ರಿ ನಿದ್ದೆಗೆಟ್ಟು ಯೋಚಿಸುವುದು ಆ 40 ಲಕ್ಷದ ಬಗೆಗೇ.

ಪ್ರತಿಯೊಂದು ಮಂದಗತಿಗೂ ಹೆದರಿ ಬಾಗಿಲು ಹಾಕಬೇಕೆಂದು ಇದರ ಅರ್ಥವಲ್ಲ. ಹಂಗಾಮಿನ ಏರಿಳಿತ ಬೇರೆ, ಮಾರುಕಟ್ಟೆಯೇ ಬದಲಾಗುವುದು ಬೇರೆ. ನಿರ್ಗಮನಕ್ಕೂ ವೆಚ್ಚವಿದೆ: ಕಾರ್ಮಿಕರ ಬಾಕಿ ತೀರಿಸಬೇಕು, ಜಿಎಸ್‌ಟಿ ನೋಂದಣಿ ರದ್ದಾದ ಬಳಿಕ ಅಂತಿಮ ರಿಟರ್ನ್ ಸಲ್ಲಿಸಬೇಕು. ಆದುದರಿಂದ ನಿರ್ಧಾರವು ಭಯದಿಂದಲ್ಲ, ಮೊದಲೇ ಬರೆದಿಟ್ಟ ಮಿತಿಯಿಂದ ಆಗಬೇಕು.

ಅಂತಹ ಒಂದು ಮಿತಿಯನ್ನು ಸರ್ಕಾರವೇ ಸೂಚಿಸಿದೆ. ಸೂಕ್ಷ್ಮ, ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳ ಪುನಶ್ಚೇತನಕ್ಕಾಗಿ 2015ರ ಮೇ ತಿಂಗಳಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಸಂಚಿತ ನಷ್ಟದಿಂದ ನಿವ್ವಳ ಮೌಲ್ಯವು ಅರ್ಧದಷ್ಟು ಕರಗಿದ ಉದ್ದಿಮೆದಾರನು ತಾನಾಗಿಯೇ ಬ್ಯಾಂಕಿನ ಸಮಿತಿಯ ಮೊರೆ ಹೋಗಬಹುದು. ಕಂತು 90 ದಿನ ಮೀರಿ ಖಾತೆಯು ಅನುತ್ಪಾದಕವಾದ ಮೇಲೆ 2002ರ ಸರ್ಫೇಸಿ ಕಾಯಿದೆಯಡಿ 60 ದಿನಗಳ ನೋಟಿಸು ಬರಬಹುದು. ಆಗ ಆಸ್ತಿ ಮಾರಾಟವಾಗುವುದು ನಮ್ಮ ಬೆಲೆಗಲ್ಲ, ಹರಾಜಿನ ಬೆಲೆಗೆ. ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮೇಲೆಯೂ ದಿವಾಳಿ ಸಂಹಿತೆಯ ಕ್ರಮವು 2019ರ ಡಿಸೆಂಬರಿನಿಂದ ಜಾರಿಯಲ್ಲಿದೆ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದಿದೆ. ವಾಸದ ಮನೆಯ ಕಾಗದಪತ್ರಗಳನ್ನು ಬ್ಯಾಂಕಿಗೆ ಒಯ್ಯುವ ದಿನವೇ ಎಲೆ ಇಳಿಸುವ ಬಗ್ಗೆ ಯೋಚಿಸಲೇಬೇಕಾದ ದಿನ.

ನಮ್ಮ ಭಾಗದಲ್ಲಿ ಅಂಗಡಿ ಮುಚ್ಚುವುದೆಂದರೆ ಮಾನ ಹೋಯಿತೆಂಬ ಭಾವನೆ ಬಲವಾಗಿದೆ. ಜನ ಏನೆನ್ನುವರೋ ಎಂಬ ಅಂಜಿಕೆಯಿಂದಲೇ ಅನೇಕರು ಇನ್ನೊಂದು ವರ್ಷ ನಷ್ಟ ಹೊರುತ್ತಾರೆ. ಆದರೆ ಮಾರುಕಟ್ಟೆಯಲ್ಲಿ ಪತ ಹೋಗುವುದು ಅಂಗಡಿ ಮುಚ್ಚಿದ್ದರಿಂದಲ್ಲ. ಮಾಲು ಕೊಟ್ಟವನಿಗೂ ದುಡಿದವನಿಗೂ ಹಣ ಕೊಡದೆ ಮುಚ್ಚಿದ್ದರಿಂದ. ಎಲ್ಲರ ಬಾಕಿಯನ್ನು ತೀರಿಸುವಷ್ಟು ಶಕ್ತಿಯಿದ್ದಾಗಲೇ ಹಿಂದೆ ಸರಿದವನಿಗೆ ಮುಂದಿನ ದೀಪಾವಳಿಗೆ ಹೊಸ ಖಾತೆ ಪುಸ್ತಕವನ್ನು ಪೂಜಿಸುವ ಅವಕಾಶ ಉಳಿದಿರುತ್ತದೆ. ಉದ್ರಿ ಕೊಡುವವರೂ ಉಳಿದಿರುತ್ತಾರೆ. ಹೊಸ ಉದ್ಯಮದ ಯೋಜನಾ ವರದಿಯನ್ನು ಸಿದ್ಧಪಡಿಸುವಾಗಲೇ, ಯಾವ ಅಂಕಿಗೆ ತಲುಪಿದರೆ ನಿಲ್ಲಿಸಬೇಕೆಂಬುದನ್ನು ಅದರ ಕೊನೆಯ ಪುಟದಲ್ಲಿ ಬರೆದು ಸಹಿ ಹಾಕಿ ಇಟ್ಟುಕೊಳ್ಳುವುದು ಪ್ರತಿಯೊಬ್ಬ ವರ್ತಕನ ಪದ್ಧತಿಯಾಗಬೇಕು.