ಅಜ್ಜಿಯ ಹೆಸರೇನು?



ಮೊನ್ನೆ ಪಕ್ಕದ ಮನೆಯ ಕನ್ನಡದ ಹುಡುಗಿ ಶಾಲೆಯ ಪ್ರಾಜೆಕ್ಟಿಗೆಂದು ಬರೆದ ವಂಶವೃಕ್ಷವನ್ನು ತೋರಿಸಲು ತಂದಳು. ಅಂದವಾದ ಮರ. ಒಂದು ಎಲೆಯ ಮೇಲೆ ಮಾತ್ರ ಬರೀ 'ಅಜ್ಜಿ' ಎಂದಿತ್ತು.

"ಹೆಸರೇನೇ?" ಎಂದೆ.

"ಅಜ್ಜಿ ಅಂತಲೇ ಕರೆಯೋದು ಆಂಟಿ, ಹೆಸರು ಗೊತ್ತಿಲ್ಲ."

ನಗು ಬಂತು. ನನ್ನ ಮುತ್ತಜ್ಜಿಯ ಹೆಸರು ನನಗೂ ಗೊತ್ತಿಲ್ಲವೆಂದು ಹೊಳೆದಾಗ ಆ ನಗು ನಿಂತಿತು. ಕೇಳೋಣವೆಂದರೆ ಹೇಳುವವರು ಈಗ ಯಾರೂ ಉಳಿದಿಲ್ಲ.

ಇಂಥ ಪ್ರಾಜೆಕ್ಟನ್ನು ಬರೀ ಅಂಕಕ್ಕಾಗಿ ಮುಗಿಸಬೇಡಿ. ಹೆಸರಿನ ಜೊತೆಗೆ ಊರು, ಮುಂಬಯಿಗೆ ಬಂದ ವರ್ಷ ಕೇಳಿ ಬರೆದಿಡಿ. ಆ ವರ್ಷದಲ್ಲೇ ಚರಿತ್ರೆ ಅಡಗಿರುತ್ತದೆ. 1956ರ ನವೆಂಬರ್ 1ಕ್ಕೆ ಮೊದಲು ಧಾರವಾಡದಿಂದಲೋ ಕಾರವಾರದಿಂದಲೋ ಇಲ್ಲಿಗೆ ಬಂದ ಅಜ್ಜ ಪರರಾಜ್ಯಕ್ಕೆ ಬಂದವರಲ್ಲ. ಆಗ ಆ ಊರುಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಉಡುಪಿ ಮದ್ರಾಸು ರಾಜ್ಯದಲ್ಲಿತ್ತು. ಒಂದೇ ಚಾಳಿನಲ್ಲಿದ್ದ ಇಬ್ಬರು ಕನ್ನಡಿಗರ ಊರುಗಳು ಎರಡು ರಾಜ್ಯಗಳಲ್ಲಿ!

ಈ ಭಾನುವಾರ ಮೊಬೈಲು ಬದಿಗಿಟ್ಟು ಅಜ್ಜಿಯ ಹತ್ತಿರ ಕುಳಿತುಕೊಳ್ಳಿ. ಊರಲ್ಲಿದ್ದರೆ ಫೋನ್ ಮಾಡಿ. ಮೊದಲು ಹೆಸರು ಕೇಳಿ, ಆಮೇಲೆ ತವರೂರು, ಅವರ ತಾಯಿಯ ಹೆಸರು. "ಅಯ್ಯೋ, ನನ್ನದೇನಿದೆ ಬರೆಯೋಕೆ!" ಎಂದಾರು. ಬಿಡಬೇಡಿ.

ಆ ಹುಡುಗಿ ಅದೇ ರಾತ್ರಿ ಊರಿಗೆ ಫೋನ್ ಮಾಡಿದಳು. "ನನ್ನ ಹೆಸರು ಕೇಳಿದವರೇ ಇರಲಿಲ್ಲ ಮಗಾ" ಎಂದರಂತೆ ಅಜ್ಜಿ.