ಕಾನ್ವೆಂಟಿನ ಎಲ್‌ಕೆಜಿ ಮತ್ತು ನಮ್ಮ ಮನೆಗಳ ಮೌನ

ಮೂರೂವರೆ ವರ್ಷದ ಮಗು ಕಾನ್ವೆಂಟಿನ ಎಲ್‌ಕೆಜಿಯಲ್ಲಿ ಏನನ್ನು ಕಲಿಯುತ್ತದೆ? ಇಂಗ್ಲಿಷ್ ಅಕ್ಷರಮಾಲೆ, ಎಣಿಕೆ, ಸಾಲಿನಲ್ಲಿ ನಿಲ್ಲುವ ಶಿಸ್ತು ಎಂಬಲ್ಲಿಗೆ ನಮ್ಮ ಹೆತ್ತವರ ಉತ್ತರ ಮುಗಿಯುತ್ತದೆ. ಇದು ಅರ್ಧ ಉತ್ತರ. ಅದೇ ಮಗು ಬೆಳಿಗ್ಗೆ ಕಣ್ಣು ಮುಚ್ಚಿ ಕೈಜೋಡಿಸಿ ನಿಲ್ಲಲು ಕಲಿಯುತ್ತದೆ. ಟಿಫಿನ್ ಡಬ್ಬಿ ತೆರೆಯುವ ಮೊದಲು ಅನ್ನ ಕೊಟ್ಟವನಿಗೆ ಕೃತಜ್ಞತೆ ಹೇಳಲು ಕಲಿಯುತ್ತದೆ. ನೋಹನ ನಾವೆ, ಮೀನಿನ ಹೊಟ್ಟೆ ಸೇರಿದ ಯೋನ, ದೈತ್ಯನನ್ನು ಕವಣೆಕಲ್ಲಿನಿಂದ ಉರುಳಿಸಿದ ದಾವೀದ ಇವರ ಕಥೆಗಳನ್ನು ಕೇಳುತ್ತದೆ. ಡಿಸೆಂಬರಿನಲ್ಲಿ ಗೋದಲಿಯ ಮುಂದೆ ನಿಂತು ದೇವಪುತ್ರನ ಜನನವನ್ನು ಹಾಡುತ್ತದೆ. ಎಲ್ಲ ಕಾನ್ವೆಂಟುಗಳಲ್ಲೂ ಇವೆಲ್ಲವೂ ಇರುತ್ತವೆಂದು ನಾವು ಹೇಳುತ್ತಿಲ್ಲ. ಆದರೆ ಇವುಗಳಲ್ಲಿ ಒಂದೆರಡಾದರೂ ಇಲ್ಲದ ಕಾನ್ವೆಂಟ್ ಅಪರೂಪ.

ಈ ಬಗ್ಗೆ ನಮ್ಮ ಸಮುದಾಯದಲ್ಲಿ ಎರಡು ಬಣಗಳಿವೆ. ಕಾನ್ವೆಂಟಿನ ಗೇಟು ದಾಟಿದ ಮಗುವಿನ ಈಮಾನ್ ಅಲ್ಲೇ ಉಳಿದುಹೋಯಿತೆಂದು ವೇದಿಕೆಗಳಲ್ಲಿ ಗುಡುಗುವವರದು ಒಂದು. ಹೀಗೆ ಗುಡುಗುವವರ ಮೊಮ್ಮಕ್ಕಳು ಎಲ್ಲಿ ಓದುತ್ತಾರೆಂದು ಕೇಳಬಾರದು. "ಚಿಕ್ಕ ಮಕ್ಕಳಲ್ಲವೇ, ಅವಕ್ಕೇನು ತಿಳಿಯುತ್ತದೆ, ಮರೆತುಬಿಡುತ್ತವೆ" ಎಂದು ಕೈಕೊಡವುವವರದು ಇನ್ನೊಂದು. ನಮ್ಮ ತಕರಾರು ಹೆಚ್ಚಾಗಿ ಈ ಎರಡನೆಯವರೊಂದಿಗೆ. ಮೂರರ ವಯಸ್ಸಿನಲ್ಲಿ ಕಲಿತ ಇಂಗ್ಲಿಷ್ ಜೀವನವಿಡೀ ಉಳಿಯುತ್ತದೆ ಎಂಬ ನಂಬಿಕೆಯಿಂದಲೇ ಇವರು ದುಬಾರಿ ಶುಲ್ಕ ತೆತ್ತು ಸೀಟು ಗಿಟ್ಟಿಸಿರುತ್ತಾರೆ. ಅದೇ ವಯಸ್ಸಿನಲ್ಲಿ ಕಲಿತ ಪ್ರಾರ್ಥನೆ ಮಾತ್ರ ಮರೆತುಹೋಗುತ್ತದೆಯೇ?

ಕ್ರೈಸ್ತ ಸಂಸ್ಥೆಗಳನ್ನು ದೂರಲು ಇಲ್ಲಿ ಕಾರಣವಿಲ್ಲ. ಅವರು ಏನನ್ನೂ ಬಚ್ಚಿಟ್ಟಿಲ್ಲ. ಶಾಲೆಯ ಹೆಸರಿನಲ್ಲೇ ಸಂತರಿದ್ದಾರೆ, ಗೋಡೆಯಲ್ಲಿ ಶಿಲುಬೆಯಿದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯಗಳನ್ನು ಕಟ್ಟಿದಾಗಲೂ ತನ್ನ ಉದ್ದೇಶವನ್ನು ಮುಚ್ಚಿಡಲಿಲ್ಲ. ಕಿಂಡರ್‌ಗಾರ್ಟನ್ ಎಂಬ ಹೆಸರನ್ನು 1840ರಲ್ಲಿ ಕೊಟ್ಟ ಜರ್ಮನಿಯ ಫ್ರೋಬೆಲ್ ಪಾದ್ರಿಯೊಬ್ಬರ ಮಗ. ಮಗು, ಪ್ರಕೃತಿ ಮತ್ತು ದೇವರ ನಡುವಿನ ಐಕ್ಯವೇ ಅವರ ಶಿಕ್ಷಣ ಚಿಂತನೆಯ ಬುಡ. ಅಲ್ಪಸಂಖ್ಯಾತರು ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಅವರಿಗೆ ಕೊಟ್ಟಿದೆ. ನಮ್ಮ ಶಾಲೆಗಳು ನಿಂತಿರುವುದೂ ಅದೇ ವಿಧಿಯ ಮೇಲೆ. ಅವರ ಹಕ್ಕನ್ನು ಪ್ರಶ್ನಿಸುವವರು ತಮ್ಮ ಕಾಲಕೆಳಗಿನ ನೆಲವನ್ನೇ ಅಗೆಯುತ್ತಿದ್ದಾರೆ.

ಪ್ರತಿಯೊಂದು ಮಗುವೂ ಶುದ್ಧ ಪ್ರಕೃತಿಯಲ್ಲೇ ಹುಟ್ಟುತ್ತದೆ, ಅದನ್ನು ಯಹೂದಿಯನ್ನಾಗಿಯೋ ಕ್ರೈಸ್ತನನ್ನಾಗಿಯೋ ಅಗ್ನಿಪೂಜಕನನ್ನಾಗಿಯೋ ಮಾಡುವವರು ಅದರ ಹೆತ್ತವರು ಎಂಬ ಅರ್ಥದ ಪ್ರವಾದಿ(ಸ)ವಚನ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿದೆ. ಕಾನ್ವೆಂಟಿನ ವಿರುದ್ಧದ ಭಾಷಣಗಳಲ್ಲಿ ಇದನ್ನು ಪದೇ ಪದೇ ಉದ್ಧರಿಸಲಾಗುತ್ತದೆ. ಅದರಲ್ಲಿ ಶಿಕ್ಷಕಿಯ ಹೆಸರಿಲ್ಲ, ಸಿಸ್ಟರ್‌ಗಳ ಹೆಸರಿಲ್ಲ. ಹೆತ್ತವರ ಹೆಸರಿದೆ.

ನೋಹನ ನಾವೆಯ ಕಥೆಯನ್ನೇ ತೆಗೆದುಕೊಳ್ಳೋಣ. ಮಗು ಶಾಲೆಯಿಂದ ಬಂದು ಪ್ರಾಣಿಗಳು ಜೋಡಿಜೋಡಿಯಾಗಿ ಹಡಗು ಹತ್ತಿದ್ದನ್ನು ಕಣ್ಣರಳಿಸಿ ಹೇಳುತ್ತದೆ. ಅದು ಪ್ರವಾದಿ ನೂಹ್(ಅ)ರ ಕಥೆಯೆಂದು ಎಷ್ಟು ಮನೆಗಳಲ್ಲಿ ಹೇಳಲಾಗುತ್ತದೆ? ಯೋನನೇ ಯೂನುಸ್(ಅ), ದಾವೀದನೇ ದಾವೂದ್(ಅ) ಎಂದು ತಿಳಿಸುವ ಉಮ್ಮಂದಿರು, ಅಜ್ಜಿಯರು ಎಷ್ಟು ಮಂದಿ ಉಳಿದಿದ್ದಾರೆ? ಹಡಗು ಹತ್ತಲೊಪ್ಪದೆ, ಬೆಟ್ಟವೇರಿ ಬದುಕುತ್ತೇನೆಂದು ಹೇಳಿ ಅಲೆಗಳಿಗೆ ಬಲಿಯಾದ ನೂಹ್(ಅ)ರ ಮಗನ ವಿಚಾರ ಪವಿತ್ರ ಕುರ್‌ಆನಿನ ಹೂದ್ ಅಧ್ಯಾಯದಲ್ಲಿದೆ. ಶಾಲೆಯಲ್ಲಿ ಹೇಳುವ ಕಥೆಯಲ್ಲಿ ಈ ಮಗನಿಲ್ಲ. ನಾವು ಹೇಳದಿದ್ದರೆ ನಮ್ಮ ಮಗುವಿನ ಪಾಲಿಗೂ ಅವನಿಲ್ಲ.

ಊಟದ ಪ್ರಾರ್ಥನೆಯದ್ದೂ ಹೀಗೆಯೇ. ಪ್ರವಾದಿ(ಸ)ಯವರು ತಮ್ಮ ಆಶ್ರಯದಲ್ಲಿ ಬೆಳೆಯುತ್ತಿದ್ದ ಉಮರ್ ಬಿನ್ ಅಬೀ ಸಲಮಾ ಎಂಬ ಬಾಲಕನ ಕೈ ತಟ್ಟೆಯ ತುಂಬ ಓಡಾಡುವುದನ್ನು ಕಂಡು, ಅಲ್ಲಾಹನ ಹೆಸರು ಹೇಳಬೇಕು, ಬಲಗೈಯಿಂದ ತಿನ್ನಬೇಕು, ತನ್ನ ಹತ್ತಿರವಿರುವುದನ್ನು ತಿನ್ನಬೇಕು ಎಂದು ತಿದ್ದಿದ್ದರು. ಜೊತೆಯಲ್ಲಿ ಕುಳಿತು ಉಣ್ಣುವವರು ಮಾತ್ರ ಹೀಗೆ ತಿದ್ದಬಲ್ಲರು. ಇಂದು ನಮ್ಮ ಮಗು ಮೊಬೈಲ್ ಪರದೆಯ ಮುಂದೆ ಬಾಯ್ದೆರೆಯುತ್ತದೆ, ಉಮ್ಮ ತುತ್ತು ತುರುಕುತ್ತಾಳೆ, ತಂದೆ ಇನ್ನೊಂದು ಕೋಣೆಯಲ್ಲಿ ಇನ್ನೊಂದು ಪರದೆಯ ಮುಂದಿರುತ್ತಾನೆ. ಬಿಸ್ಮಿಲ್ಲಾ ಕೇಳಿಸದ ಮನೆಯಿಂದ ಬಂದ ಮಗುವಿಗೆ ಕಾನ್ವೆಂಟ್ ಒಂದು ಪ್ರಾರ್ಥನೆಯನ್ನು ಕಲಿಸಿದರೆ ಅದು ಖಾಲಿ ಜಾಗವನ್ನು ತುಂಬಿದೆಯಷ್ಟೇ.

ಹಾಗೆಂದು ಎಲ್ಲವೂ ಒಂದೇ ಎಂಬ ಸವಕಲು ಮಾತಿಗೆ ನಾವು ಜೋತುಬೀಳುವುದಿಲ್ಲ. ಗೋದಲಿಯ ಮುಂದಿನ ಹಾಡಿನಲ್ಲಿ ನಾವು ದಾಟಲಾಗದ ಗೆರೆಯೊಂದಿದೆ. ಅಲ್ಲಾಹನು ಹೆತ್ತವನಲ್ಲ, ಹೆರಲ್ಪಟ್ಟವನೂ ಅಲ್ಲ ಎಂಬುದು ನಮ್ಮ ವಿಶ್ವಾಸದ ನಡುಗಂಬ. ಅದನ್ನು ಸಾರುವ ಇಖ್ಲಾಸ್ ಅಧ್ಯಾಯ ನಾಲ್ಕೇ ಸೂಕ್ತಗಳದ್ದು. ಇಂಗ್ಲಿಷ್ ಹಾಡುಗಳನ್ನು ಒಪ್ಪಿಸುವ ಮಗುವಿಗೆ ಅದೇನೂ ಹೊರೆಯಲ್ಲ. ಈಸಾ(ಅ)ರನ್ನು ಪ್ರೀತಿಸುವ, ಮರ್ಯಮ್(ಅ)ರ ಹೆಸರಿನ ಅಧ್ಯಾಯವನ್ನೇ ಓದುವ ಸಮುದಾಯ ನಮ್ಮದು. ಅಬಿಸೀನಿಯಾದ ಕ್ರೈಸ್ತ ದೊರೆಯ ಆಸ್ಥಾನದಲ್ಲಿ ಜಅಫರ್(ರ) ಓದಿದ್ದು ಅದೇ ಅಧ್ಯಾಯವನ್ನು. ಆಶ್ರಯ ಕೊಟ್ಟವರ ಎದುರಿನಲ್ಲೂ ಅವರು ಈಸಾ(ಅ)ರನ್ನು ಅಲ್ಲಾಹನ ದಾಸನೆಂದೇ ಹೇಳಿದರು, ಅದಕ್ಕಾಗಿ ಯಾರನ್ನೂ ಹೀಯಾಳಿಸಲಿಲ್ಲ. ಮಗುವಿಗೆ ಕೈಜೋಡಿಸಿದರೆ ನರಕ ಎಂದು ಹೆದರಿಸುವವರು ಈ ಸೌಜನ್ಯವನ್ನು ಕಲಿಯಬೇಕು. ಏಳರ ವಯಸ್ಸಿನಲ್ಲಿ ನಮಾಝ್‌ಗೆ ಆಜ್ಞಾಪಿಸಲು ಹೇಳಿದ ಧರ್ಮ, ಪ್ರಾಯಕ್ಕೆ ಬಾರದ ಮಗುವಿನ ಮೇಲೆ ಪಾಪದ ಲೆಕ್ಕ ಬರೆಯುವುದಿಲ್ಲ.

ಇನ್ನು, ಶಾಲೆಯಲ್ಲಿ ಬಾಯಿಬಿಟ್ಟರೆ ಸೀಟು ಹೋಗುತ್ತದೆಂಬ ಭಯ. ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕಡ್ಡಾಯವಾಗಿ ಹಾಜರುಪಡಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಇದು ಎಲ್‌ಕೆಜಿಗೆ ಅನ್ವಯಿಸುತ್ತದೆಯೇ ಎಂದು ವಾದಿಸುವ ಮೊದಲು ಒಮ್ಮೆ ಕೇಳಿ ನೋಡಬೇಕಷ್ಟೇ! 1985ರಲ್ಲಿ ಕೇರಳದ ಶಾಲೆಯೊಂದು ಮೂವರು ಮಕ್ಕಳನ್ನು ಹೊರಹಾಕಿತ್ತು. ಯೆಹೋವನ ಸಾಕ್ಷಿಗಳು ಎಂಬ ಪಂಗಡಕ್ಕೆ ಸೇರಿದ ಆ ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಲ್ಲುತ್ತಿದ್ದರು, ತಮ್ಮ ವಿಶ್ವಾಸದ ಕಾರಣದಿಂದ ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಮ್ ಕೋರ್ಟ್ ಆ ಮಕ್ಕಳ ಪರವಾಗಿ ತೀರ್ಪಿತ್ತಿತು. ಗೌರವದಿಂದ ನಿಲ್ಲುವುದಕ್ಕೂ ದನಿಗೂಡಿಸುವುದಕ್ಕೂ ವ್ಯತ್ಯಾಸವಿದೆಯೆಂದು ಅವರ ಹೆತ್ತವರು ಮಕ್ಕಳಿಗೆ ಮನೆಯಲ್ಲೇ ಕಲಿಸಿದ್ದರು. ನಮ್ಮ ಮಕ್ಕಳೂ ಪ್ರಾರ್ಥನೆಯ ವೇಳೆ ಸುಮ್ಮನೆ, ಮರ್ಯಾದೆಯಿಂದ ನಿಲ್ಲಬಹುದು.

ನಮ್ಮದೇ ಪ್ರೀ-ಸ್ಕೂಲ್‌ಗಳಿವೆಯಲ್ಲ ಎನ್ನುವವರಿಗೂ ಒಂದು ಮಾತಿದೆ. ಇವೆ, ಇರಬೇಕು. ಆದರೆ ಅವುಗಳಲ್ಲಿ ಎಷ್ಟೋ ಕಡೆ ಬಣ್ಣದ ಗೋಡೆಯ ಹಿಂದೆ ಹಳೆಯ ಉರುಹೊಡೆತವೇ ಇದೆ. ಶಿಕ್ಷಕಿಗೆ ತರಬೇತಿಯಿಲ್ಲ, ಕೊಡುವ ಸಂಬಳ ಆಟೋ ಬಾಡಿಗೆಗೂ ಸಾಲದು, ಆಡಳಿತ ಸಮಿತಿಯಲ್ಲಿ ಒಬ್ಬ ಉಮ್ಮನಾದರೂ ಇಲ್ಲ. ಕಾನ್ವೆಂಟಿನ ಸಿಸ್ಟರ್ ಮಂಡಿಯೂರಿ ಮಗುವಿನ ಕಣ್ಣೆತ್ತರಕ್ಕೆ ಇಳಿದು ಮಾತನಾಡುತ್ತಾರೆ. ನಮ್ಮಲ್ಲಿ ಕೆಲವರ ಕೈಯಲ್ಲಿ ಇನ್ನೂ ಬೆತ್ತವಿದೆ. ಹೆತ್ತವರು ಇವೆರಡನ್ನೂ ನೋಡುತ್ತಾರೆ, ಆರಿಸಿಕೊಳ್ಳುತ್ತಾರೆ. ಅವರನ್ನು ವೇದಿಕೆಯಿಂದ ಶಪಿಸಿ ಏನು ಪ್ರಯೋಜನ? ದೊಡ್ಡ ಸಭಾಭವನಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಜಮಾಅತ್‌ಗಳು ಶಿಕ್ಷಕಿಯರ ತರಬೇತಿಗೂ ಸಂಬಳಕ್ಕೂ ತೆಗೆದಿರಿಸಲಿ.

ಅಲ್ಲಿಯವರೆಗೆ ಕಾನ್ವೆಂಟಿಗೆ ಕಳುಹಿಸುವವರು ಕಳುಹಿಸಲಿ. ಆದರೆ ಅರ್ಜಿಯ ಫಾರ್ಮಿನ ಜೊತೆಗೆ, ಪ್ರಾರ್ಥನೆಯ ವೇಳೆ ನಮ್ಮ ಮಗು ಏನು ಮಾಡಬೇಕಾಗುತ್ತದೆ ಎಂಬ ಪ್ರಶ್ನೆಯನ್ನೂ ಬರಹದಲ್ಲಿ, ವಿನಯದಿಂದ ಕೊಡಲಿ.