ಕರುಣ್‌ಗೆ ಢೀಲ್ ಕೊಡಿ

2025ರ ಜನವರಿ 15, ಬುಧವಾರ, ಇಲ್ಲಿ ವಾಸಿ ಉತ್ತರಾಯಣ, ಸಂಕ್ರಾಂತಿಯ ಮರುದಿನದ ಪಟದ ಹಬ್ಬ. ವಡೋದರಾದ ಮಗಳ ಮನೆ ತಾರಸಿಯಲ್ಲಿ ಒಂದು ಕೈಯಲ್ಲಿ ಮೊಮ್ಮಗನ ದಾರದ ಫಿರ್ಕಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ನಿಂತಿದ್ದೆ. ಮೊಬೈಲಿನಲ್ಲಿ ವಿಜಯ್ ಹಜಾರೆ ಟ್ರೋಫಿಯ ಸೆಮಿಫೈನಲ್, ಕರ್ನಾಟಕ–ಹರಿಯಾಣ. ಪಂದ್ಯ ನಡೆಯುತ್ತಿದ್ದದ್ದು ಇದೇ ಊರಾಚೆಯ ಕೋಟಂಬಿ ಮೈದಾನದಲ್ಲಿ. ಆದರೆ ಹಬ್ಬ ಬಿಟ್ಟು ಅಲ್ಲಿಗೆ ಹೋದರೆ ಊಟಕ್ಕೆ ಉಂಧಿಯು ಇಲ್ಲ ಎಂದು ಮಗಳು ಮೊದಲೇ ಹೇಳಿಬಿಟ್ಟಿದ್ದಳು. ನಮ್ಮ ಅಭಿಲಾಷ್ ಶೆಟ್ಟಿ ಇನ್ನೊಂದು ವಿಕೆಟ್ ಕಿತ್ತ ಖುಷಿಗೆ ನಾನು ಫಿರ್ಕಿಯನ್ನು ಬಿಗಿಯಾಗಿ ಹಿಡಿದೆ. ದಾರ ಸಡಿಲವಾಗಲಿಲ್ಲ, ಮೊಮ್ಮಗನ ಪಟ ಹೋಯಿತು. ಪಕ್ಕದ ತಾರಸಿಯಿಂದ ‘ಕಾಯ್ಪೋ ಛೆ’, ಕತ್ತರಿಸಿದೆ, ಎಂಬ ಕೂಗು. ‘ಅಜ್ಜಾ, ಢೀಲ್ ಕೊಡಬೇಕಿತ್ತು’ ಎಂದು ಹುಡುಗ ಮುಖ ಊದಿಸಿಕೊಂಡ.

ಗುಜರಾತಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಸೂರತ್‌ನ ಡೈಯಿಂಗ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಆ ಊರಿನ ಪಟದ ದಾರ, ಮಾಂಜಾ, ಹೆಸರುವಾಸಿ. ಹಾಗಿದ್ದೂ ಪಟ ಕತ್ತರಿಸಲು ಎರಡು ದಾರಿಯಿದೆ ಎಂಬುದು ನನ್ನ ತಲೆಗೆ ಹೋದದ್ದು ಈಗ. ಒಂದು, ಎಳೆದು ಕೊಯ್ಯುವುದು. ಇನ್ನೊಂದು ಢೀಲ್, ದಾರ ಬಿಡುತ್ತಾ ಹೋಗಿ ಎದುರಿನವನ ದಾರವನ್ನು ಸವೆಸುವುದು. ಕರ್ನಾಟಕ ಆ ಸೆಮಿಫೈನಲ್ ಗೆದ್ದಿತು; ನಾಳೆ ಶನಿವಾರದ ಫೈನಲ್‌ನಲ್ಲಿ ನಮ್ಮ ಬೌಲರುಗಳಿಗೆ ಬೇಕಾದದ್ದು ಎರಡನೆಯದು.

ಎದುರಾಳಿ ವಿದರ್ಭ, ನಾಯಕ ಕರುಣ್ ನಾಯರ್. ಅಂಕಿಗಳನ್ನು ನೋಡಿದರೆ ಲೆಕ್ಕ ಬರೆಯುವವನಿಗೂ ಅನುಮಾನ ಬರಬೇಕು: ಈ ಟೂರ್ನಿಯ ಏಳು ಇನಿಂಗ್ಸ್‌ನಲ್ಲಿ 752 ರನ್, ಐದು ಶತಕ, ಔಟಾದದ್ದು ಒಂದೇ ಸಲ. ಆ ಒಂದು ಸಲವೂ ಉತ್ತರ ಪ್ರದೇಶದ ವಿರುದ್ಧ 112 ಹೊಡೆದ ಮೇಲೆ. ಸರಾಸರಿಯೂ 752. ನಿನ್ನೆಯ ಸೆಮಿಫೈನಲ್‌ನಲ್ಲಿ ಮಹಾರಾಷ್ಟ್ರದ ವಿರುದ್ಧ 44 ಎಸೆತಕ್ಕೆ 88, ಮತ್ತೆ ಅಜೇಯ.

ಇವನು ಪರಕೀಯನಲ್ಲ ಎಂಬುದೇ ಸಂಕಟ. 2015ರ ರಣಜಿ ಫೈನಲ್‌ನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ವಿರುದ್ಧ 84ಕ್ಕೆ ಐದು ವಿಕೆಟ್ ಬಿದ್ದಿದ್ದಾಗ, ಕೆ.ಎಲ್. ರಾಹುಲ್ ಜೊತೆ ನಿಂತು 328 ಹೊಡೆದು ಕರ್ನಾಟಕಕ್ಕೆ ಕಪ್ ತಂದವನು. ಮರುವರ್ಷ ಚೆನ್ನೈ ಟೆಸ್ಟ್‌ನಲ್ಲಿ 303. 2022ರಲ್ಲಿ ನಾವೇ ಅವನನ್ನು ಕೈಬಿಟ್ಟೆವು. ಇನ್ನೊಂದು ಅವಕಾಶ ಕೊಡು ಎಂದು ಅವನು ಆಗ ಟ್ವಿಟರ್‌ನಲ್ಲಿ ಕ್ರಿಕೆಟ್‌ಗೇ ಬರೆದುಕೊಂಡ. ಆ ಅವಕಾಶ ಕೊಟ್ಟದ್ದು ವಿದರ್ಭ. ನಮ್ಮ ಮಿಲ್ಲಿನಲ್ಲಿ ವಿದರ್ಭದ ಅಮರಾವತಿಯ ಗೆಳೆಯನೊಬ್ಬನಿದ್ದಾನೆ. ನಿನ್ನೆ ರಾತ್ರಿ ಅವನ ಫೋನು: ‘ತುಮ್ಚಾ ಮುಲ್ಗಾ ಆಮ್ಚಾ ಝಾಲಾ.’ ನಿಮ್ಮ ಹುಡುಗ ನಮ್ಮವನಾದ. ಏನು ಉತ್ತರ ಕೊಡುವುದು? ನಮ್ಮ ಲೆಗ್‌ಸ್ಪಿನ್ನರ್ ಶ್ರೇಯಸ್ ಗೋಪಾಲ್ ಕೇರಳಕ್ಕೆ ಹೋಗಿ ವಾಪಸು ಬಂದಿದ್ದಾನೆ ಎಂದೆ. ಉತ್ತರ ಸಪ್ಪೆಯಾಗಿತ್ತು, ಒಪ್ಪುತ್ತೇನೆ.

ನಮ್ಮ ಬೌಲಿಂಗ್ ಬಗ್ಗೆ ಸುಳ್ಳು ಸಮಾಧಾನ ಬೇಡ. ಅಹಮದಾಬಾದ್‌ನ ಲೀಗ್ ಹಂತದಲ್ಲಿ ಮುಂಬೈ ನಮಗೆ 382 ಹೊಡೆಯಿತು. ಶ್ರೀಜಿತ್ ಅಜೇಯ 150 ಹೊಡೆದದ್ದರಿಂದ ಮಾನ ಉಳಿಯಿತು. ಹೈದರಾಬಾದ್ ವಿರುದ್ಧ 320 ಮಾಡಿಯೂ ಕಾಪಾಡಿಕೊಳ್ಳಲಾಗಲಿಲ್ಲ. ಬ್ಯಾಟಿಂಗ್ ಚಿಂತೆಯಿಲ್ಲ, ನಾಯಕ ಮಯಂಕ್ ಒಬ್ಬನದೇ ನಾಲ್ಕು ಶತಕ ಇದೆ. ಭಯವೆಲ್ಲ ಚೆಂಡು ನಮ್ಮ ಕೈಗೆ ಬಂದ ಮೇಲೆ.

ಆದರೆ ಜನವರಿ 11ರ ಬರೋಡಾ ವಿರುದ್ಧದ ಕ್ವಾರ್ಟರ್‌ಫೈನಲ್‌ಗೆ ನಾನು ಮೈದಾನದಲ್ಲೇ ಇದ್ದೆ. ಸುತ್ತ ಇದ್ದವರೆಲ್ಲ ಬರೋಡಾದವರು, ಕಡಲೆಕಾಯಿ ತಿನ್ನುತ್ತಾ ನಮ್ಮ 281 ಸಾಲದು ಎಂದು ತೀರ್ಪು ಕೊಟ್ಟುಬಿಟ್ಟಿದ್ದರು. ಅವರ ಶಾಶ್ವತ್ ರಾವತ್ ಶತಕ ಹೊಡೆದ. ಆದರೂ 276ಕ್ಕೆ ಆಲ್ ಔಟ್. ಸಿಡ್ನಿ ಟೆಸ್ಟ್‌ನಲ್ಲಿ ಆರು ವಿಕೆಟ್ ತೆಗೆದು ನೇರ ಇಲ್ಲಿಗೆ ಬಂದ ಪ್ರಸಿದ್ಧ್ ಕೃಷ್ಣ, ಕೌಶಿಕ್, ಎಡಗೈ ಅಭಿಲಾಷ್, ಶ್ರೇಯಸ್ ನಾಲ್ವರೂ ಎರಡೆರಡು ವಿಕೆಟ್ ಹಂಚಿಕೊಂಡರು. ಐದು ರನ್‌ಗೆ ಗೆದ್ದ ತಂಡಕ್ಕೆ ಬರುವ ಎದೆಗಾರಿಕೆ ನೂರು ರನ್‌ಗೆ ಗೆದ್ದರೆ ಬರುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೆ: ಕರುಣ್ ಬೆನ್ನು ಹತ್ತಬೇಡಿ. ನಿನ್ನೆಯ ಪಂದ್ಯದಲ್ಲಿ ಅವನು ಬರುವ ಹೊತ್ತಿಗೆ ಧ್ರುವ್ ಶೋರೆ, ಯಶ್ ರಾಥೋಡ್ ಇಬ್ಬರೇ 224 ಕೂಡಿಹಾಕಿದ್ದರು, ಇಬ್ಬರದೂ ಶತಕ. ಅವನಿಗೆ ಉಳಿದದ್ದು ಹೊಡೆಯುವ ಕೆಲಸವಷ್ಟೆ. ವಿದರ್ಭ 380 ಮುಟ್ಟಿತು. ಈ ಆರಂಭದ ಜೋಡಿಯೇ ದಾರ, ಕರುಣ್ ಪಟ. ಒಬ್ಬನನ್ನಾದರೂ ಹತ್ತು ಓವರಿನೊಳಗೆ ಕಳಿಸಿದರೆ ಕರುಣ್‌ಗೆ ಹೊಸ ಚೆಂಡಿನ ಪ್ರಸಿದ್ಧ್ ಸಿಗುತ್ತಾನೆ. ಇಬ್ಬರೂ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತವರು, ಒಬ್ಬರ ಮರ್ಮ ಒಬ್ಬರಿಗೆ ಗೊತ್ತು.

ಅಲ್ಲಿಂದ ಮುಂದೆ ಢೀಲ್. ಶಿವಮೊಗ್ಗದಲ್ಲಿ ಮ್ಯಾಟಿಂಗ್ ಮೇಲೆ ಮಧ್ಯಮ ವೇಗದಲ್ಲಿ ಬೌಲ್ ಮಾಡುತ್ತಿದ್ದ ಕಾಲದಲ್ಲಿ ನನಗೂ ಒಬ್ಬ ಔಟಾಗದ ಬ್ಯಾಟ್ಸ್‌ಮನ್ ಇದ್ದ. ನಮ್ಮ ಕ್ಯಾಪ್ಟನ್ ಅವನಿಗೆ ಓವರಿನ ಮೊದಲ ಎಸೆತಕ್ಕೇ ಒಂದು ರನ್ ಬಿಟ್ಟುಕೊಡು ಅನ್ನುತ್ತಿದ್ದ. ಉಳಿದ ಐದು ಆಚೆಯವನಿಗೆ. ನಾಚಿಕೆಯಾಗುತ್ತಿತ್ತು, ಆದರೆ ಆಚೆ ತುದಿಯಲ್ಲಿ ಒಬ್ಬೊಬ್ಬರೇ ಉದುರುತ್ತಿದ್ದರು. ಕರುಣ್‌ಗೂ ಡೀಪ್ ಕವರ್ ಕಡೆ ಒಂದೊಂದು ಕೊಡಿ. ಜಿಪುಣ ಕೌಶಿಕ್ ಆಚೆ ತುದಿಯನ್ನು ಒಣಗಿಸಲಿ. ಸಂಜೆ ಇಬ್ಬನಿ ಬಿದ್ದರೆ ಶ್ರೇಯಸ್ ಕೈಯಲ್ಲಿ ಚೆಂಡು ಜಾರುತ್ತದೆ, ಅದೊಂದು ಅಳುಕು ಇದೆ. ಟಾಸ್ ಗೆದ್ದರೆ ಮೊದಲು ಬೌಲ್ ಮಾಡಿ ಅನ್ನುತ್ತಿದ್ದೆ, ಆದರೆ ಫೈನಲ್‌ನಲ್ಲಿ ಆ ಧೈರ್ಯ ಯಾರಿಗಿದೆ?

ಅಮರಾವತಿಯವನು ನಾಳೆ ಬೆಳಗಿನ ಗಾಡಿಗೆ ಸೂರತ್‌ನಿಂದ ಬರುತ್ತಾನೆ. ಊಟಕ್ಕೆ ಪಂಥ ಕಟ್ಟಿದ್ದೇವೆ: ಕರುಣ್ ಐವತ್ತು ದಾಟಿದರೆ ನಾನು ಕೊಡಿಸಬೇಕು, ದಾಟದಿದ್ದರೆ ಅವನು. ಕರುಣ್ ನೂರು ಹೊಡೆದು ಕರ್ನಾಟಕವೂ ಗೆದ್ದರೆ ದುಡ್ಡು ಯಾರದು ಎಂಬುದು ಫೋನಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.